ಬಂಬದ ಮೊದಲ ನೀರು

ಸಂತಪುರ ದಾಟಿ ಬಸ್ಸು ಔರಾದ ಕಡೆ ಓಡುತ್ತಿದ್ದಾಗ ಕಿಟಕಿಯಿಂದ ತೊಗರಿ ಕಟ್ಟಿಗೆಯ ಹೊಗೆ ಬಂತು. ತೊಗರಿಯ ರಾಶಿ ಮುಗಿದು, ಒಣಗಿದ ಕಟ್ಟಿಗೆಯ ಹೊರೆಗಳು ಹೊಲದ ಬದುವಿನಲ್ಲಿ ನಿಂತಿರುವ ದಿನಗಳು. ಯಾವುದೋ ಮನೆಯಲ್ಲಿ ನೀರೊಲೆ ಹೊತ್ತಿಸಿರಬೇಕು. ಈ ಹೊಗೆಗೆ ಬೇವಿನ ಕಹಿ ಇಲ್ಲ, ಜಾಲಿಯ ಘಾಟೂ ಇಲ್ಲ. ಹಗುರವಾಗಿ, ಹುರಿದ ಕಾಳಿನ ವಾಸನೆ ಚೂರು ಬೆರೆತಂತೆ ಇರುತ್ತದೆ. ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಕೈಚಾಚಿದಳು. "ಜರಾ ಇರ್ಲಿ ಬಿಡ್ರಿ" ಎಂದೆ. ಹೊಗೆ ಕುಡಿಯಲು ಬೇಡುವ ಇವಳ್ಯಾರು ಎಂಬಂತೆ ಆಕೆ ನನ್ನನ್ನು ನೋಡಿದಳು. ಅಷ್ಟರಲ್ಲಿ ನಾನು ಆ ಬಸ್ಸಿನಲ್ಲಿ ಇರಲೇ ಇಲ್ಲ. ಭಾಲ್ಕಿಯಲ್ಲಿ, ಅತ್ತೆಯ ಮನೆಯ ಹಿತ್ತಲಲ್ಲಿ, ನೀರು ಕಾಯಿಸುವ ತಾಮ್ರದ ಬಂಬದ ಮುಂದೆ ಕೂತು ಥರ್ಮೋಡೈನಾಮಿಕ್ಸ್ ಓದುತ್ತಿದ್ದೆ.

ಈಗ ನಾನು ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿದ್ದೇನೆ. ಆವಿಯ ಒತ್ತಡ, ನೀರಿನ ಮಟ್ಟ, ಒಲೆಯ ಕಾವು ಇವೇ ನನ್ನ ದಿನದ ಮಾತು. ಹಾಗೆಂದು ಹುಟ್ಟುತ್ತಲೇ ಇದೆಲ್ಲ ತಿಳಿದಿತ್ತು ಎಂದುಕೊಳ್ಳಬೇಡಿ. ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ನಾನು ನೆಲಕ್ಕೆ ಬಿದ್ದದ್ದು ಇದೇ ವಿಷಯದಲ್ಲಿ. ಉಳಿದ ಪೇಪರುಗಳೆಲ್ಲ ಹೇಗೋ ದಾಟಿದವು, ಥರ್ಮೋಡೈನಾಮಿಕ್ಸ್ ಮಾತ್ರ ಹೋಯಿತು. ಔರಾದಿನಲ್ಲಿ ಅಪ್ಪ ತಹಸೀಲ್ ಕಚೇರಿಯ ಗುಮಾಸ್ತರು, ಹೆಚ್ಚು ಮಾತಿಲ್ಲದವರು. ಫಲಿತಾಂಶ ನೋಡಿ ಹೇಳಿದರು: "ಒಮ್ಮಿ ಆಯ್ತು, ಇರ್ಲಿ. ಮತ್ತೊಮ್ಮಿ ಹೋತಂದ್ರ ಒಂದ್ ವರ್ಷ ಹಾಳಾಗ್ತದ. ಆವಾಗ ಸುಮ್ಮ ಔರಾದಕ್ಕ ಬಂದ್ ಬಿಡು. ಇಲ್ಲೇ ಬಿ.ಎ. ಮಾಡು." ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

ಭಾಲ್ಕಿಯ ಕಾಲೇಜಿನ ಹಾಸ್ಟೆಲಿನಲ್ಲಿ ಓದು ಸಾಗುವುದಿಲ್ಲವೆಂದು ಅವರೇ ನನ್ನ ಟ್ರಂಕು ಹೊತ್ತು ಅದೇ ಊರಿನಲ್ಲಿದ್ದ ಸ್ವಂತ ತಂಗಿಯ ಮನೆಗೆ ತಂದುಬಿಟ್ಟರು. ಅತ್ತೆ ಅಂಗನವಾಡಿ ಟೀಚರು. ಮಾವ ಭಾಲ್ಕಿ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಮಾವನ ತಾಯಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು. ಹಲಬರ್ಗಾದ ಹೊಲ ಬಿಟ್ಟುಬಂದು ಮಗನ ಮನೆಯಲ್ಲಿದ್ದ ಅವಳಿಗೆ ಪಟ್ಟಣದ ಯಾವುದೂ ಸರಿಬರುತ್ತಿರಲಿಲ್ಲ, ಹಿತ್ತಲಿನ ಬಂಬವೊಂದನ್ನು ಬಿಟ್ಟು. ಆ ಬಂಬ ಅವಳ ಜೊತೆಗೇ ಹಲಬರ್ಗಾದಿಂದ ಬಂದಿತ್ತು.

ಬಂಬ ನೋಡದವರಿಗೆ ಹೇಳುತ್ತೇನೆ. ಸೊಂಟದೆತ್ತರದ ತಾಮ್ರದ ಕೊಳಗ. ನಡುವೆ ಮೇಲಿಂದ ಕೆಳಗೆ ಒಂದು ದಪ್ಪ ಕೊಳವೆ; ಅದರೊಳಗೆ ಬೆಂಕಿ. ಕೊಳವೆಯ ಸುತ್ತ ನೀರು. ಮೇಲೆ ಒಂದು ಕಡೆ ತಣ್ಣೀರು ಹೊಯ್ಯುವ ಬಾಯಿ. ಅಲ್ಲಿ ಹೊಯ್ದದ್ದು ಒಳಗಿನ ಸಣ್ಣ ನಳದಿಂದ ನೇರ ತಳಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ ಕತ್ತಿನ ಹತ್ತಿರ ಒಂದು ಮೂತಿ. ಒಂದು ಕೊಡ ತಣ್ಣೀರು ಹಾಕಿದರೆ ಮೂತಿಯಿಂದ ಒಂದು ಕೊಡ ಬಿಸಿನೀರು ಹೊರಬೀಳುತ್ತದೆ. ಹಾಕದವನಿಗೆ ಬಂಬ ಒಂದು ಹನಿಯನ್ನೂ ಕೊಡುವುದಿಲ್ಲ. ಆ ಮನೆಯ ಕಾಯಿದೆಯೂ ಅದೇ: ಜಳಕ ಮಾಡುವವರು ತಮ್ಮ ತಣ್ಣೀರು ತಾವೇ ತಂದು ಹೊಯ್ಯಬೇಕು, ಆಮೇಲೆ ಬಿಸಿನೀರು ಹಿಡಿಯಬೇಕು. ಮಾವನಿಗೂ ಇದರಲ್ಲಿ ರಿಯಾಯಿತಿ ಇರಲಿಲ್ಲ. ಆಯಿಗೆ ಮಾತ್ರ ಅತ್ತೆ ಹೊಯ್ದು ಕೊಡುತ್ತಿದ್ದಳು.

ಜಳಕದ ಸರದಿಯೂ ಗಟ್ಟಿಯಾಗಿತ್ತು. ಮೊದಲು ನಾನು, ಓದುವ ಹುಡುಗಿ ಎಂದು. ಆಮೇಲೆ ಡ್ಯೂಟಿಗೆ ಹೋಗುವ ಮಾವ. ಬಿಸಿಲು ಏರಿದ ಮೇಲೆ ಆಯಿ. ಬೆಂಕಿ ನೋಡಿಕೊಳ್ಳುವ ಅತ್ತೆ ಎಲ್ಲರ ಕೊನೆಗೆ. ಇದನ್ನು ಯಾರೂ ಕೂತು ನಿರ್ಧರಿಸಿರಲಿಲ್ಲ, ಯಾರೂ ಪ್ರಶ್ನಿಸಿಯೂ ಇರಲಿಲ್ಲ.

ಕಾಲೇಜಿನಲ್ಲಿ ಥರ್ಮೋಡೈನಾಮಿಕ್ಸ್ ಹೇಳುತ್ತಿದ್ದವರು ಕಮಲನಗರದ ಸರ್. ಕನ್ನಡದ ನಡುವೆ ಮರಾಠಿ, ಎರಡರ ನಡುವೆ ಇಂಗ್ಲಿಷ್, ಮೂರೂ ಒಂದೇ ಉಸಿರಿನಲ್ಲಿ. ಬೋರ್ಡಿನ ಮೇಲೆ ಏನೇ ಬರೆಯಲಿ, ಮೊದಲು ಅದರ ಸುತ್ತ ಚುಕ್ಕಿಗಳ ಗೆರೆ ಎಳೆಯುತ್ತಿದ್ದರು. "ಮೊದಲ ಗೆರಿ ಹೊಡೀರಿ. ಗೆರಿ ಒಳಗಿಂದು ನಿಮ್ ಸಿಸ್ಟಂ. ಹೊರಗಿಂದು ಎಲ್ಲಾ ಸರೌಂಡಿಂಗ್. ಗೆರಿ ದಾಟಿ ಏನ್ ಹೋಗ್ತದ, ಏನ್ ಬರ್ತದ, ಇಷ್ಟೇ ನೋಡ್ರಿ. ಬಾಕಿ ಫಿಕರ್ ಬ್ಯಾಡ." ಮೊದಲ ಸಲ ಕೇಳಿದಾಗ ಇದು ನನಗೆ ಮಕ್ಕಳಾಟದಂತೆ ಕಂಡಿತ್ತು. ಎರಡನೆಯ ಸಲ, ಫೇಲಾದ ಮೇಲೆ, ಕೊನೆಯ ಬೆಂಚಿನಲ್ಲಿ ಕೂತು ಕೇಳಿದಾಗ ಆ ಚುಕ್ಕಿಗೆರೆ ನನ್ನ ತಲೆಗೆ ಹತ್ತಿಬಿಟ್ಟಿತು.

ಆಮೇಲೆ ಕಂಡದ್ದಕ್ಕೆಲ್ಲ ಗೆರೆ ಎಳೆಯತೊಡಗಿದೆ. ಸ್ಟೇಷನ್ನಿನಲ್ಲಿ ರೈಲು ನಿಂತಾಗ ಅದರ ಸುತ್ತ. ಜನ ಇಳಿದರು, ಜನ ಹತ್ತಿದರು. ಚಹದ ಕಪ್ಪಿನ ಸುತ್ತ. ಚಹ ಎಲ್ಲೂ ಹೋಗದೆ ಕಾವು ಮಾತ್ರ ಗಾಳಿಗೆ ಹೋಯಿತು. ಔರಾದಿನಿಂದ ಅವ್ವನ ಫೋನು ಬಂದಾಗ ನನ್ನ ಸುತ್ತಲೇ ಒಂದು ಗೆರೆ ಎಳೆದುಕೊಂಡೆ. ಅವಳು ಬರಲಿಲ್ಲ, ನಾನು ಹೋಗಲಿಲ್ಲ, ಆದರೂ ಫೋನು ಇಟ್ಟ ಮೇಲೆ ಮೈ ಬೆಚ್ಚಗಿರುತ್ತಿತ್ತು. ವಸ್ತು ದಾಟದೆ ಕಾವಷ್ಟೇ ದಾಟುವ ಮುಚ್ಚಿದ ವ್ಯವಸ್ಥೆ ಎಂದರೆ ಇದೇ ಇರಬೇಕು ಎಂದುಕೊಂಡೆ. ಸರ್ ಇದನ್ನು ಒಪ್ಪುತ್ತಿದ್ದರೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಲು ಹೋಗಲಿಲ್ಲ.

ಮಳೆ ನಿಂತು ದೀಪಾವಳಿ ಸಮೀಪಿಸಿದಾಗ ಒಂದು ಭಾನುವಾರ ಬೀದರಿಗೆ ಹೋದೆ, ಗೆಳತಿ ರೂತ್‌ಳ ಮನೆಗೆ. ಅವಳ ತಾಯಿ ನರ್ಸ್. ಮನೆಮಂದಿಯೆಲ್ಲ ಚರ್ಚಿನಿಂದ ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿದ್ದೆ. ರೂತ್ ನನ್ನ ತರಗತಿಯವಳೇ, ಆದರೆ ಮೊದಲ ಸಲಕ್ಕೇ ಪಾಸಾಗಿದ್ದಳು. ಊಟವಾದ ಮೇಲೆ ಪುಸ್ತಕ ಹಿಡಿದು ಕೋಟೆಗೆ ಹೋದೆವು. ಸಂಜೆ. ಕೆಂಪು ಗೋಡೆಯ ಆಚೆ ನೆಲ ಒಮ್ಮೆಲೇ ಕೆಳಗಿಳಿದು, ದೂರದ ಹೊಲಗಳು ಮಂಜಿನಲ್ಲಿ ಅರ್ಧ ಮುಳುಗಿದ್ದವು. ಗಾಳಿ ತಣ್ಣಗೆ ಬೀಸುತ್ತಿತ್ತು. ಗೋಡೆಗೆ ಬೆನ್ನು ಆನಿಸಿದರೆ ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಬೆಚ್ಚಗಿತ್ತು. "ಎಷ್ಟ್ ಕಾವು ತುಂಬಿಟ್ಟದ ನೋಡು ಈ ಕಲ್ಲಿನ್ಯಾಗ" ಎಂದೆ. ರೂತ್ ನಕ್ಕಳು. "ಇದಕ್ಕೇ ನೀ ಫೇಲ್ ಆದಿ. ಕಾವು ಕಲ್ಲಿನ್ಯಾಗ ಇರಲ್ಲ. ಕಲ್ಲಿಂದ ನಿನ್ನ ಬೆನ್ನಿಗಿ ದಾಟೋ ಮುಂದ ಅಷ್ಟೇ ಅದಕ್ಕ ಹೀಟ್ ಅನ್ನಬೇಕು. ದಾಟಿ ಆದ್ಮ್ಯಾಲ ಅದು ಹೀಟ್ ಅಲ್ಲ." ನಾನು ಬೆನ್ನು ಸರಿಸಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಹಾಗೇ ಕೂತೆವು. ಅದು ದಾಟುತ್ತಲೇ ಇತ್ತು. ಮೂರು ತಿಂಗಳು ಪುಸ್ತಕ ಓದಿದರೂ ಹತ್ತದ ಆ ಒಂದು ಮಾತು ಅವತ್ತು ಬೆನ್ನಿನಿಂದ ನನಗೆ ಹತ್ತಿತು.

ಚಳಿ ಬಿದ್ದ ಮೇಲೆ ನನ್ನ ಓದು ಬಂಬದ ಮುಂದಕ್ಕೆ ಸರಿಯಿತು. ಅತ್ತೆ ತೊಗರಿ ಕಟ್ಟಿಗೆ ಮುರಿದು ಹಾಕುತ್ತಿದ್ದಳು. ಅದು ಚಟಚಟ ಎಂದು ಹೊತ್ತಿ, ಜೋರಾಗಿ ಉರಿದು, ಕೆಂಡ ಉಳಿಸದೆ ಬೂದಿಯಾಗುತ್ತಿತ್ತು. ತಾಮ್ರದ ಹೊಟ್ಟೆಯಲ್ಲಿ ನನ್ನ ಮುಖ ಅಗಲವಾಗಿ ಕಾಣುತ್ತಿತ್ತು. ನಾನು ಅರೆನಿದ್ದೆಯಲ್ಲಿ ಸೂತ್ರಗಳನ್ನು ಗೊಣಗುತ್ತಿದ್ದರೆ ಆಯಿ ಕಂಬಳಿ ಹೊದ್ದು ನನ್ನ ಪಕ್ಕ ಬಂದು ಕೂರುತ್ತಿದ್ದಳು. "ಏನ್ ಓದ್ತಿ?" "ಬೆಂಕಿ ವಿಷ್ಯಾ, ಆಯಿ." "ಬೆಂಕಿ ವಿಷ್ಯಾ ಓದ್ಲಿಕ್ಕ ಸಾಲಿ ಬೇಕೇನ? ಸನೇ ಹೋದ್ರ ಸುಡ್ತದ, ದೂರ ಹೋದ್ರ ಥಂಡಿ." ಇಷ್ಟು ಹೇಳಿ ಅವಳು ಕಣ್ಣುಮುಚ್ಚಿ ತೂಗುತ್ತಿದ್ದಳು. ನನಗೂ ತೂಕಡಿಕೆ ಬರುತ್ತಿತ್ತು. ಪುಸ್ತಕದ ಆವಿ, ಬಂಬದ ಆವಿ, ಹಿತ್ತಲಿನ ಮಂಜು ಯಾವುದು ಯಾವುದೆಂದು ತಿಳಿಯದ ಆ ಮುಂಜಾವುಗಳು ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ಬರುತ್ತವೆ.

ಅಂಥದ್ದೇ ಒಂದು ಮುಂಜಾವಿನಲ್ಲಿ, ಕೊಡ ಎತ್ತಿ ಬಂಬದ ಬಾಯಿಗೆ ತಣ್ಣೀರು ಹೊಯ್ಯುತ್ತಿದ್ದಾಗ, ಕೈ ತಡೆಯಿತು. ಬಂಬದ ಸುತ್ತ ಚುಕ್ಕಿಗೆರೆ ಎಳೆದೆ. ಒಳಗೆ ಹೋದಷ್ಟು ನೀರು ಹೊರಗೆ ಬಂತು. ಬೆಂಕಿಯಿಂದ ಕಾವು ಬಂತು. ತಣ್ಣಗೆ ಹೋದದ್ದು ಬಿಸಿಯಾಗಿ ಹೊರಬಿತ್ತು. ಸರ್ ತಿಂಗಳುಗಟ್ಟಲೆ ಬೋರ್ಡಿನ ಮೇಲೆ ಬರೆದ ಸ್ಟೆಡಿ ಫ್ಲೋ ಸಮೀಕರಣ, ಹರಿಯುವುದು ಒಂದೇ ಸಮ ಹರಿಯುವಾಗ ಬರೆಯುವ ಆ ಲೆಕ್ಕ, ಹಿತ್ತಲಲ್ಲಿ ಉಗಿಯಾಡುತ್ತ ನಿಂತಿತ್ತು. "ಅತ್ತಿ, ನಂಗ ತಿಳೀತು!" ಎಂದು ಕೂಗಿದೆ. ಅತ್ತೆ ಒಳಗಿಂದಲೇ, "ತಿಳೀಲಿ, ಮೊದಲ ಜಳಕಾ ಮುಗಿಸು. ನಿನ್ ಮಾವಗ ಡ್ಯೂಟಿ ಅದ" ಎಂದಳು.

ಮರುಪರೀಕ್ಷೆಗೆ ಕೂತವರಿಗೆ ಲಿಖಿತದ ಜೊತೆ ಮೌಖಿಕವೂ ಇತ್ತು. ಲಿಖಿತ ಅಷ್ಟಕ್ಕಷ್ಟೆ ಆಗಿತ್ತು. ಎಲ್ಲವೂ ಮೌಖಿಕದ ಅಂಕದ ಮೇಲೆ ನಿಂತಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ದಕ್ಷಿಣದ ಕಡೆಯವರು, ಬಿಳಿ ಮೀಸೆ, ಕುತ್ತಿಗೆಗೆ ಮಫ್ಲರ್. ಭಾಲ್ಕಿಯ ಚಳಿ ಅವರಿಗೆ ನಾಟಿತ್ತು. ಪಕ್ಕದಲ್ಲಿ ಕಮಲನಗರದ ಸರ್ ನನಗಿಂತ ಹೆಚ್ಚು ಹೆದರಿ ಕೂತಿದ್ದರು.

"ಸ್ಟೆಡಿ ಫ್ಲೋಗೆ ಒಂದು ಉದಾಹರಣೆ ಕೊಡಮ್ಮ," ಎಂದರು ಪರೀಕ್ಷಕರು. "ಟರ್ಬೈನ್ ಬೇಡ. ಬೆಳಿಗ್ಗೆಯಿಂದ ಅದನ್ನೇ ಕೇಳಿ ಕೇಳಿ ಸಾಕಾಗಿದೆ."

"ನಮ್ಮ ಮನಿ ಬಂಬ ರೀ, ಸರ್."

ಬಂಬ ಎಂದರೇನೆಂದು ಕಮಲನಗರದ ಸರ್ ಕೈಯಿಂದ ಆಕಾರ ಮಾಡಿ ತೋರಿಸಿದರು. "ಓ, ಹಂಡೆ!" ಎಂದರು ಪರೀಕ್ಷಕರು. "ಹಂಡೆ ಹೇಗಮ್ಮ ಆಗುತ್ತೆ? ತುಂಬಿಸ್ತೀವಿ, ಕಾಯಿಸ್ತೀವಿ, ಮೊಗೆದು ಸ್ನಾನ ಮಾಡ್ತೀವಿ. ಅಲ್ಲಿ ಫ್ಲೋ ಎಲ್ಲಿದೆ?"

ಔರಾದಿನ ಬಿ.ಎ. ತರಗತಿಯ ಬೆಂಚು ಕಣ್ಣೆದುರು ಬಂದಂತಾಯಿತು. ಆದರೂ ಬಿಡಲಿಲ್ಲ. "ಹಂಡೆ ಅಲ್ರಿ ಸರ್. ಇದರಾಗ ಮೊಗಿಯಂಗಿಲ್ರಿ. ಒಂದ್ ಕೊಡ ಹಾಕಿದ್ರ ಒಂದ್ ಕೊಡ ಬರ್ತದ್ರಿ. ಹಾಕಲಿಲ್ಲಂದ್ರ ಬರಂಗಿಲ್ರಿ. ನಮ್ಮ ಮನ್ಯಾಗ ಯಾರ್ ಜಳಕಾ ಮಾಡ್ತಾರೋ ಅವ್ರೇ ಹಾಕಬೇಕ್ರಿ."

ಅವರು ಮುಂದಕ್ಕೆ ಬಾಗಿದರು. ಹಾಳೆ ತಳ್ಳಿ ಚಿತ್ರ ಬರೆಸಿದರು. ನಾನು ಬಂಬ ಬರೆದೆ, ನಳ ಬರೆದೆ, ಸುತ್ತ ಚುಕ್ಕಿಗೆರೆ ಎಳೆದೆ. ಅವರಿಗೆ ಖುಷಿಯಾದದ್ದು ಮುಖದಲ್ಲೇ ಕಂಡಿತು. "ಚೆನ್ನಾಗಿದೆ. ಇನ್ನು ಸ್ಟೆಡಿ ಅನ್ನಬೇಕಾದ್ರೆ ಹೊರಗೆ ಬರೋ ನೀರಿನ ಬಿಸಿ ಹೊತ್ತು ಹೊತ್ತಿಗೆ ಬದಲಾಗಬಾರದು. ಬದಲಾಗುತ್ತಾ?"

"ಇಲ್ರಿ ಸರ್. ದಿನಾ ಜಳಕಾ ಮಾಡ್ತೇನ್ರಿ. ಮೊದಲಿಂದ ಕಡೀತನಕ ಒಂದೇ ಬಿಸಿ ಇರ್ತದ್ರಿ."

"ಮನೇಲಿ ಎಷ್ಟು ಜನ?"

"ನಾಕ್ ಮಂದಿ ರೀ."

"ನಿನ್ನ ಸರದಿ ಎಷ್ಟನೇದು?"

"ಮೊದಲನೇದ್ರಿ."

ಅವರು ಪೆನ್ನಿನ ಮುಚ್ಚಳ ಹಾಕಿ ನಕ್ಕರು. "ಕೊನೇಲಿ ಯಾರು ಮಾಡ್ತಾರೆ?"

"ನಮ್ಮತ್ತಿ ರೀ."

"ನಾನು ನಾಳೆನೂ ಇಲ್ಲೇ ಇರ್ತೀನಿ. ನಾಳೆ ಒಂದು ದಿನ ಅವರ ಸರದಿಯಲ್ಲಿ ಸ್ನಾನ ಮಾಡ್ಕೊಂಡು ಬಾ. ಆಮೇಲೆ ನಂಬರ್ ಹಾಕ್ತೀನಿ."

ಮರುದಿನ ಮುಂಜಾನೆ ಅತ್ತೆ ಎಂದಿನಂತೆ ಎಬ್ಬಿಸಿದಾಗ ನಾನು ಕಡೆಗೆ ಜಳಕ ಮಾಡುತ್ತೇನೆಂದೆ. "ಯಾಕ, ಮೈಯಾಗ ಹುಷಾರಿಲ್ಲೇನ?" ಎಂದು ಹಣೆ ಮುಟ್ಟಿದಳು. ಸರ್ ಹೇಳಿದ್ದಾರೆಂದೆ. "ಯಾವ ಸಾಲ್ಯಾಗ ಇಂಥಾವೆಲ್ಲ ಹೇಳ್ತಾರ? ನೀರು ಆರಿ ಹೋಗ್ತದ, ಸುಮ್ಮ ಏಳು." ನಾನು ಏಳಲಿಲ್ಲ. ನನ್ನ ಪಾಲಿನ ನೀರು ಹಾಳಾಗಬಾರದೆಂದು ಅವಳು ಅದನ್ನು ಹಿಡಿದು ಮಾವನ ಯೂನಿಫಾರ್ಮ್ ನೆನೆಹಾಕಿದಳು. ಮಾವನ ಜಳಕವಾಯಿತು. ಆಯಿಗೆಂದು ಅತ್ತೆ ಇನ್ನೊಂದು ಹಿಡಿ ಕಟ್ಟಿಗೆ ತುರುಕಿದಳು. ಆಯಿಯ ಜಳಕವೂ ಆಯಿತು. ಆಮೇಲೆ ಅತ್ತೆ ರೊಟ್ಟಿ ಬಡಿಯಲು ಒಳಗೆ ಹೋದಳು. ಒಲೆ ತಾನೇ ತಾನಾಗಿ ನಂದಿತು. ಅದು ದಿನವೂ ನಂದುತ್ತಿದ್ದ ಹೊತ್ತು. ನಾನು ಆಗ ಕಾಲೇಜಿನಲ್ಲಿರುತ್ತಿದ್ದೆ.

ನಾನು ಕೊಡ ಎತ್ತಿದ್ದನ್ನು ನೋಡಿ ಅತ್ತೆ ರೊಟ್ಟಿ ಬಿಟ್ಟು ಓಡಿಬಂದಳು. "ತಡಿ, ತಡಿ. ನಾಕ್ ಕಟಗಿ ಹಾಕ್ತೇನಿ." "ಬ್ಯಾಡ ಅತ್ತಿ. ದಿನಾ ನಿಂಗ ಹ್ಯಾಂಗ ಇರ್ತದೋ ಹಂಗೇ ಇರ್ಲಿ." "ನಂಗೇನು, ನಾ ಒಬ್ಬಾಕಿ. ಒಬ್ಬಾಕಿ ಸಲುವಾಗಿ ಎಲ್ಲಿ ಮತ್ತ ಒಲಿ ಹಚ್ಚೂದು?" ಎಂದಳು. ಅಂದು ಕಟ್ಟಿಗೆಯನ್ನು ಅವಳ ಕೈಯಿಂದ ಕಸಿದುಕೊಳ್ಳಬೇಕಾಯಿತು.

ಮೊದಲ ತಂಬಿಗೆ ಬಿಸಿಯಾಗಿತ್ತು. ಎರಡನೆಯದೂ. ನಾನು ಪರೀಕ್ಷಕರ ಮೇಲೆ ಗೆದ್ದೆ ಎಂದುಕೊಂಡೆ. ಸೋಪು ಹಚ್ಚಿಕೊಂಡು, ಬಾಗಿಲ ಪಕ್ಕದ ಬಂಬಕ್ಕೆ ಇನ್ನೊಂದು ಕೊಡ ಹೊಯ್ದು ನೀರು ಹಿಡಿದು ಮೈಮೇಲೆ ಸುರಿದುಕೊಂಡಾಗ ಉಸಿರು ನಿಂತಂತಾಯಿತು. ಮೆಲ್ಲಗೆ ಆರಿದ್ದಲ್ಲ, ಒಮ್ಮೆಲೇ ತಣ್ಣಗೆ. ಬಚ್ಚಲಿನ ತಗಡಿನ ಬಾಗಿಲ ಸಂದಿಯಿಂದ ಪುಷ್ಯದ ಗಾಳಿ. ಹಲ್ಲು ಕಟಕಟ ಎನ್ನುತ್ತ ನಿಂತವಳಿಗೆ ಬಂಬದ ಒಳಗು ಗಾಜಿನಂತೆ ಕಂಡಿತು. ನಾವು ಹೊಯ್ದ ತಣ್ಣೀರು ತಳಕ್ಕೆ ಇಳಿದು ಕೂರುತ್ತದೆ. ಬಿಸಿ ಮೇಲೆ ತೇಲುತ್ತ ಮೂತಿಯಿಂದ ಹೊರಬರುತ್ತದೆ. ಮೇಲಿನದು ಮುಗಿಯುವವರೆಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಮುಗಿದ ಮೇಲೆ ಬರುವುದು ನಾವೆಲ್ಲ ಹೊಯ್ದು ಹೋದ ತಣ್ಣೀರು. ಆ ಚಳಿಗಾಲ ಪೂರ್ತಿ ಅತ್ತೆ ನಾನು ಹೊಯ್ದ ತಣ್ಣೀರಿನಲ್ಲಿ ಜಳಕ ಮಾಡಿದ್ದಳು. ನನಗೆ ಅಳು ಬಂತು. ಚಳಿಗೋ ಅದಕ್ಕೋ ಹೇಳಲಾರೆ, ಸೋಪಿನ ಮುಖದಲ್ಲೇ ಅತ್ತುಬಿಟ್ಟೆ.

ಪರೀಕ್ಷಕರಿಗೆ ಎಲ್ಲ ಹೇಳಿದೆ. ಬೆಂಕಿ ಒಂದೇ ಸಮ ಇರುವುದಿಲ್ಲ, ಹೊರಬರುವ ನೀರೂ ಕಡೆತನಕ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಅದು ಸ್ಟೆಡಿ ಅಲ್ಲ ಎಂದೆ. "ಮತ್ತೆ ನಿನ್ನೆ ಅಷ್ಟು ಗಟ್ಟಿಯಾಗಿ ಹೇಳಿದೆಯಲ್ಲ?" ಎಂದರು. "ನಂಗ ಬಿಸಿನೀರೇ ಬರ್ತಿತ್ರಿ, ಸರ್." ಅವರು ನಗಲಿಲ್ಲ. ಮಫ್ಲರ್ ಸರಿಮಾಡಿಕೊಂಡು ಹಾಳೆಯಲ್ಲಿ ಏನೋ ಬರೆದರು. ಹೊರಗೆ ಬರುವಾಗ ಕಮಲನಗರದ ಸರ್ ಬಾಗಿಲವರೆಗೆ ಬಂದು, "ಬೇಷ್ ಹೇಳಿದಿ" ಎಂದಷ್ಟೇ ಅಂದರು.

ಅವತ್ತಿನಿಂದ ಅತ್ತೆಯ ಜೊತೆ ದಿನವೂ ಜಗಳ. ನೀ ಮೊದಲು ಮಾಡು ಎಂದರೆ ಒಲೆಗೆ ಯಾರು ಕೂಡುತ್ತಾರೆ ಎನ್ನುತ್ತಿದ್ದಳು. ನಾ ಕೂಡ್ತೇನಿ ಎಂದರೆ ನಿನ್ನ ಓದು ಎನ್ನುತ್ತಿದ್ದಳು. ಮಾವ ತಾವು ಕಡೆಗೆ ಮಾಡುವುದಾಗಿ ಹೇಳಿದರು. ಅದಕ್ಕೂ ಅವಳು ಒಪ್ಪಲಿಲ್ಲ. ತಿಂಗಳು ಕಳೆದು ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ. ಫೋನಿನಲ್ಲಿ ಅಪ್ಪ, "ಹಂಗಾದ್ರ ಟ್ರಂಕ್ ಅಲ್ಲೇ ಇರ್ಲಿ" ಎಂದರು. ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿ ಕೇಳಿದಳು: "ಏನ್ ಬೇಕು ನಿಂಗ? ಕೇಳು, ಇಲ್ಲ ಅನ್ನಲ್ಲ."

"ನಾಳೆ ಮುಂಜಾನಿ ಮೊದಲನೇ ನೀರು ನೀ ಹೊಯ್ಕೋಬೇಕು."

ಮಾತು ಕೊಟ್ಟು ಸಿಕ್ಕಿಬಿದ್ದಿದ್ದಳು. ಮರುದಿನ ನಾನೇ ಒಲೆ ಹೊತ್ತಿಸಿದೆ. ಹೊಗೆಯಿಂದ ಕಣ್ಣೆಲ್ಲ ಕೆಂಪಾದವು. ಮೂತಿಯಿಂದ ಉಗಿ ಏಳತೊಡಗಿದಾಗ ಅತ್ತೆಯನ್ನು ಕರೆದೆ. ಅವಳು ಹೊಸಬಳ ಹಾಗೆ ನಾಚುತ್ತ ತನ್ನ ತಣ್ಣೀರು ತಾನೇ ಹೊಯ್ದು, ಬಕೆಟ್ ತುಂಬಿಕೊಂಡು ಒಳಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡಳು. ಆಯಿ ಕಂಬಳಿಯೊಳಗಿಂದ ನೋಡುತ್ತಿದ್ದಳು. ಒಂದು ತಂಬಿಗೆ ಸುರಿದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ.

"ಅತ್ತಿ?" ಎಂದೆ.

"ಏ ಹುಡುಗಿ," ಎಂಬ ದನಿ ಉಗಿಯೊಳಗಿಂದ ಬಂತು, ಸಣ್ಣ ಹುಡುಗಿಯ ದನಿಯಂತೆ. "ನಮ್ಮ ಬಂಬದಾಗ ಇಷ್ಟು ಬಿಸಿ ಬರ್ತದೇನ?"

"ದಿನಾ ಬರ್ತದ, ಅತ್ತಿ."

ಒಳಗೆ ಅವಳು ನಗತೊಡಗಿದಳು. "ಮೈ ಸುಡ್ಲತ್ತದ. ಜರಾ ತಣ್ಣೀರು ಕೊಡು." ನಾನು ಒಂದು ಕೊಡ ತಣ್ಣೀರು ಬಾಗಿಲ ಸಂದಿಯಿಂದ ಒಳಗೆ ಸರಿಸಿ, ಒಲೆಗೆ ಮತ್ತೊಂದು ಹಿಡಿ ತೊಗರಿ ಕಟ್ಟಿಗೆ ಹಾಕಿದೆ.